ಮೊದಲ ತೊಟ್ಟಿಯ ಗಾಳಿ

ಕೊಳಚೆ ನೀರಿನ ಘಟಕದ ಲ್ಯಾಬಿನ ಮೇಜಿನಿಂದ,
ಮಾರ್ಚ್ ೧೯, ಮಂಗಳವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿಳಿಯುತ್ತೀಯಂತೆ. ನಿವೃತ್ತಿಯಾದರೂ ಪಾಳಿ ಬಿಟ್ಟಿಲ್ಲ ನೀನು! ಬಿಸಿನೀರಿನ ಶಾಖ ಕೊಟ್ಟುಕೋ, ಅಕ್ಕನ ಮಾತು ಸ್ವಲ್ಪ ಕೇಳು. ಫೋನ್ ಮಾಡಬಹುದಿತ್ತು. ಆದರೆ ತೊಟ್ಟಿಗಳಿಗೆ ಗಾಳಿ ಊದುವ ಬ್ಲೋವರ್ ಗದ್ದಲದಲ್ಲಿ ಮೂವತ್ತು ವರ್ಷ ಕಳೆದ ನಿನ್ನ ಕಿವಿಗೆ ಕಿರುಚಿ ಹೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ, ನಿನ್ನೊಬ್ಬನನ್ನು ಬಿಟ್ಟು. ಅದಕ್ಕೇ ಈ ಕಾಗದ.

ನೀನು ಹೋದಾಗಿನಿಂದ ಇಲ್ಲಿ ಕೊಳಚೆ ನೀರು ಸರಿಯಾಗಿ ಶುದ್ಧವಾಗುತ್ತಿಲ್ಲ. ಸಾರಜನಕ ಹೇಗೋ ಹತೋಟಿಯಲ್ಲಿದೆ, ರಂಜಕ ಮಾತ್ರ ಏರುತ್ತಲೇ ಹೋಯಿತು. ತಿಳಿನೀಲಿ ಇರಬೇಕಾದ ರಂಜಕ ಪರೀಕ್ಷೆಯ ಸೀಸೆ ಶಾಯಿಯ ಹಾಗೆ ಕಾಣುತ್ತದೆ. ನಾವು ನೀರು ಬಿಡುವ ಕೆರೆ ಪಾಚಿಗಟ್ಟಿ ಮೀನು ಸತ್ತು ತೇಲಿದವು. ಮೀನು ಹಿಡಿಯುವವರು ಬಂದು ಗೇಟಿನ ಮುಂದೆ ನಿಂತಾಗ ನನಗೆ ತಲೆ ಎತ್ತಲಾಗಲಿಲ್ಲ. ನನಗೆ ಕಲಿಸಿದವನು ನೀನೇ: ಮೊದಲ ತೊಟ್ಟಿಯಲ್ಲಿ ನಮ್ಮ ಸೂಕ್ಷ್ಮಜೀವಿಗಳಿಗೆ ಗಾಳಿ ಸೋಕಬಾರದು, ಅಲ್ಲಿ ಅವು ಒಳಗಿದ್ದ ರಂಜಕ ಕಕ್ಕಬೇಕು, ಆಗಲೇ ಮುಂದಿನ ತೊಟ್ಟಿಯಲ್ಲಿ ಗಾಳಿ ಸಿಕ್ಕಾಗ ಕಕ್ಕಿದ್ದಕ್ಕಿಂತ ಹೆಚ್ಚು ನುಂಗುತ್ತವೆ. "ಬರಗೆಟ್ಟೋರು ಊಟಕ್ಕೆ ಕೂತ ಹಾಗೆ" ಎಂದು ನೀನು ನಗುತ್ತಿದ್ದೆ.

ಹೋದ ವಾರ ನೋಡಿದರೆ ಆ ಮೊದಲ ತೊಟ್ಟಿಯ ಗಾಳಿ ವಾಲ್ವ್ ಕಾಲು ಸುತ್ತು ತೆರೆದಿತ್ತು. ದಿನವೂ ಅದನ್ನು ನೋಡಿ 'ಮುಚ್ಚಿದೆ' ಎಂದು ಪುಸ್ತಕದಲ್ಲಿ ಗುರುತು ಹಾಕಬೇಕಾದವರು ನಿನ್ನ ಪಾಳಿಯ ಜೋಡಿ, ನಮ್ಮ ಪಂಪು ಮಾಮ. ನೋಡದೆ ಗುರುತು ಹಾಕಿದ್ದು ಅವರ ತಪ್ಪೇ, ಆದರೆ ವರ್ಷಗಟ್ಟಲೆ ಯಾರೂ ಮುಟ್ಟದ ವಾಲ್ವ್ ಅದು. ಈಗ ತೆರೆದವರೂ ಅವರೇ ಎಂದು ಸಾಹೇಬರು ಅವರನ್ನು ಮನೆಗೆ ಕಳಿಸಿದ್ದಾರೆ. ಈ ಶುಕ್ರವಾರ ವಿಚಾರಣೆ. ಕೆಲಸ ಹೋಗುವುದು ಬಹುತೇಕ ಖಚಿತ.

ನಿನ್ನ ಬೀಳ್ಕೊಡುಗೆಯ ದಿನ ನೆನಪಿದೆಯಾ? ಗಾಳಿ ಬಿಟ್ಟರೆ ತೊಟ್ಟಿಯ ನಾತ ಇಳಿಯುತ್ತದೆ, ಬಂದ ಅತಿಥಿಗಳು ಮೂಗು ಮುಚ್ಚಿಕೊಳ್ಳಬಾರದು ಎಂದು ಆ ವಾಲ್ವ್ ತಿರುಗಿಸಿದ್ದು ನೀನು. "ಒಂದ್ ಗಂಟೆ ಅಷ್ಟೆ ಕಣೆ, ಆಮೇಲೆ ಮುಚ್ತೀನಿ" ಅಂದೆ. ಭಾಷಣ, ಫೋಟೊ, ಕಣ್ಣೀರು, ಎಲ್ಲದರ ನಡುವೆ ನೀನೂ ಮರೆತೆ, ನಾನೂ ಮರೆತೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲಪ್ಪ. ಊರಿನ ಗಲೀಜನ್ನೆಲ್ಲ ತೊಳೆದವನಿಗೆ ಒಂದು ದಿನ ವಾಸನೆಯಿಲ್ಲದೆ ಕುರ್ಚಿಯಲ್ಲಿ ಕೂರುವ ಆಸೆ ಇರಬಾರದೇ?

ಭಾನುವಾರ ಮಾಮನ ಮನೆಗೆ ಹೋಗಿದ್ದೆ. ವಾಲ್ವ್ ತೆರೆದಿತ್ತೆಂದು ತಿಳಿದಾಗಲೇ, ಆ ದಿನ ವಾಸನೆ ಬಾರದ್ದು ನೆನೆದು, ಅವರಿಗೆ ಎಲ್ಲ ಹೊಳೆದಿತ್ತಂತೆ. "ನಿಮ್ಮಪ್ಪ ಒಳ್ಳೇ ಹೆಸರು ತಗೊಂಡು ಹೋಗಿದಾರೆ, ಹಾಗೇ ಇರ್ಲಿ ಬಿಡಮ್ಮ" ಅಂದರು. ಅತ್ತೆ ಮಾತ್ರ ನನ್ನ ಮುಖ ನೋಡದೆ ಒಳಗೆ ಹೋದರು.

ವಾಲ್ವ್ ಮುಚ್ಚಿದ್ದೇವೆ, ಜೀವಿಗಳು ಚೇತರಿಸಿಕೊಳ್ಳಲು ಇನ್ನೆರಡು ವಾರವಾದರೂ ಬೇಕು. ಅಕ್ಕ, ಭಾವನಿಗೆ ನನ್ನ ನಮಸ್ಕಾರ ಹೇಳು, ಪುಟ್ಟಿಗೆ ಒಂದು ಮುತ್ತು.

ನಿನ್ನ ಕಿರಿಮಗಳು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸಾಹೇಬರು ಕರೆದರು. ವಾಲ್ವ್ ತೆರೆದದ್ದು ಮಾಮ ಅಲ್ಲ, ತೆರೆಯುವಾಗ ನೋಡಿಯೂ ಸುಮ್ಮನಿದ್ದವಳು ನಾನು ಎಂದು ಬರೆದುಕೊಟ್ಟೆ. ಹಾಗಾದರೆ ತೆರೆದವರು ಯಾರು ಎಂದರು. ಶುಕ್ರವಾರ ಅವರೇ ಬಂದು ಹೇಳುತ್ತಾರೆ ಎಂದುಬಿಟ್ಟೆ. ಕೊರಿಯರ್‌ನಲ್ಲಿ ಹಾಕುತ್ತಿದ್ದೇನೆ, ನಾಳೆಯೇ ನಿನ್ನ ಕೈ ಸೇರುತ್ತದೆ. ಅಪ್ಪಾ, ಬರುತ್ತೀಯಲ್ಲ?