ಶಿಫ್ಟ್ ಗುಂಡಿ ಬಿಡಬೇಡಿ

ಜೂನ್ 3, ಬೆಳಿಗ್ಗೆ

ಸ್ಕೂಲ್ ಯೂನಿಫಾರಂ ಹೊಲಿಗೆ ಅರ್ಧಕ್ಕೇ ನಿಂತಿದೆ. ಯಜಮಾನರ ಕೈ-ಕಂಪ್ಯೂಟರ್ ಏಳುತ್ತಿಲ್ಲ. ಆನ್ ಮಾಡಿದರೆ ಕಂಪನಿ ಗುರುತು ಬರುತ್ತದೆ, ಅಷ್ಟೇ... ಬಂಡೆಯ ಹಾಗೆ ಕೂತುಬಿಡುತ್ತದೆ.

ಅಂಗೈಯಗಲದ ಹಳೇ ಡಬ್ಬಿ. ಆದರೆ ಗಂಟಲಿನ ಆಪರೇಷನ್‌ಗೆ ಮುಂಚೆ ಅವರು ರೆಕಾರ್ಡ್ ಮಾಡಿಟ್ಟ ಮಾತೆಲ್ಲ ಅದರೊಳಗೇ ಇದೆ. "ನೀರು ಕೊಡು", "ಎಲ್ಲಿಗೆ ಹೊರಟೆ?", "ಸಾಕು ಮಾಡು ನಿನ್ನ ಪುರಾಣ" — ಗುಂಡಿ ಒತ್ತಿದರೆ ಅವರದೇ ಧ್ವನಿ. ಬಸ್ ನಿಲ್ದಾಣದ ಮೈಕಿನಲ್ಲಿ ಜೀವಮಾನವಿಡೀ ಕೂಗಿದ ಧ್ವನಿ. ಆಪರೇಷನ್ ಆದಮೇಲೆ ಅವರಿಗೆ ಮಾತೇ ಇಲ್ಲ, ಇದಕ್ಕೆ ಬೇರೆಲ್ಲೂ ಕಾಪಿಯೂ ಇಲ್ಲ.

ಈಗ ನನ್ನ ಕಟಿಂಗ್ ಟೇಬಲ್ಲೇ ಅವರ ಬಾಯಿ. ಮಾರ್ಕಿಂಗ್ ಚಾಕ್‌ನಲ್ಲಿ ಬರೆದರು: "ಸತ್ತಿಲ್ಲ. ಮುನಿಸಿಕೊಂಡಿದೆ." ನನಗೆ ನಗು ಬರಲಿಲ್ಲ.

ಜೂನ್ 4, ಸಂಜೆ

ಇಬ್ಬರೂ ರಿಪೇರಿ ಅಂಗಡಿಗೆ ಹೋಗಿ ಬಂದೆವು.

"ಬ್ಯಾಟರಿ ಕಳಚಿ ಹಾಕಿದ್ರೆ ಎದ್ದೇಳುತ್ತೆ ಅಮ್ಮ. ಆದ್ರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ," ಎಂದ ರಿಪೇರಿಯವನು. ಅವನ ಕೈಯಿಂದ ಕಿತ್ತುಕೊಂಡೆ. ಪಾಪ, ಗಾಬರಿಯಾದ.

"ಆನ್ ಆಗ್ತಿದ್ದ ಹಾಗೇ ತಾನಾಗೇ ಓಡ್ಲಿ ಅಂತ ಏನಾದ್ರೂ ಹಾಕಿದ್ರಾ?"

ಹಾಕಿದ್ದೆ. ಕದ್ದುಮುಚ್ಚಿ, ಇವರಿಗೆ ಖುಷಿಯಾಗಲಿ ಅಂತ. ಆನ್ ಮಾಡಿದ ಕೂಡಲೇ ನನ್ನ ಧ್ವನಿ — "ರೀ, ಎದ್ರಾ?" ಪಕ್ಕಕ್ಕೆ ತಿರುಗಿದರೆ ಇವರ ಮುಖವೂ ಕಳ್ಳನ ಮುಖ. ಇವರೂ ಒಂದು ಹಾಕಿದ್ದಾರೆ, ನನಗೆ ಗೊತ್ತಾಗದ ಹಾಗೆ!

ರಿಪೇರಿಯವನು ನಕ್ಕುಬಿಟ್ಟ. "ಇರೋದು ಒಂದೇ ಸ್ಪೀಕರ್. ಎರಡು ಫೈಲೂ ಒಟ್ಟಿಗೆ ನುಗ್ಗಿ ಸಿಕ್ಕಿಹಾಕ್ಕೊಂಡಿವೆ." ಮದುವೆಯಾದಾಗಿನಿಂದ ನಮ್ಮ ಮನೆಯ ಕಥೆಯೂ ಇದೇ.

ಒಂದು ಉಪಾಯ ಇದೆಯಂತೆ. ಶಿಫ್ಟ್ ಗುಂಡಿ ಒತ್ತಿ ಹಿಡಿದೇ ಆನ್ ಮಾಡಬೇಕು. ಮೆನು ಕಾಣುವ ತನಕ ಬಿಡಬಾರದು. ಆಗ ಅವೆರಡು ಫೈಲನ್ನೂ ಬಿಟ್ಟು ಮುಂದೆ ಹೋಗುತ್ತದೆ. ಬ್ಯಾಟರಿ ಪೂರ್ತಿ ಇಳಿದರೆ ಮಾತ್ರ ಎಲ್ಲ ಹೋದಂತೆ. ಅದೋ, ಚಾರ್ಜೇ ಹಿಡಿಯುತ್ತಿಲ್ಲ. ಅಂಗಡಿ ಮುಚ್ಚುವ ಅವಸರದಲ್ಲಿದ್ದ. ಮೆನು ಬಂದ ಕೂಡಲೇ ಎಲ್ಲ ಇದಕ್ಕೆ ಕಾಪಿ ಮಾಡಿಕೊಳ್ಳಿ ಅಂತ ಒಂದು ಮೆಮೊರಿ ಕಾರ್ಡ್ ಕೊಟ್ಟು ಕಳಿಸಿದ.

ಜೂನ್ 5, ಬೆಳಿಗ್ಗೆ

ಆಗುತ್ತಿಲ್ಲ. ಸ್ವಿಚ್ ನಾನು, ಶಿಫ್ಟ್ ಇವರು. ಗುರುತು ಬರುತ್ತಿದ್ದಂತೆ ಇವರ ಹೆಬ್ಬೆರಳು ಎದ್ದುಬಿಡುತ್ತದೆ. ಮೈಕ್ ಗುಂಡಿಯ ಅಭ್ಯಾಸ — ಒತ್ತು, ಹೇಳು, ಬಿಡು.

"ಬಿಡಬೇಡ್ರೀ!" ಕಿರುಚಿದೆ. ಆಮೇಲೆ ನನಗೇ ಕೆಟ್ಟದೆನಿಸಿತು.

ಚಾಕ್ ಎತ್ತಿಕೊಂಡರು. "ನೀನೇ ಬೆರಳು ಹಿಡ್ಕೊ."

ಅದೇ ದಿನ, ಹನ್ನೊಂದು ಗಂಟೆ

ಹಿಡಿದುಕೊಂಡೆ. ಅವರ ಹೆಬ್ಬೆರಳ ಮೇಲೆ ನನ್ನದು, ಗಟ್ಟಿಯಾಗಿ. ಬ್ಯಾಟರಿ ಗುರುತು ಕೆಂಪು. ಕಂಪನಿ ಗುರುತು ಬಂತು... ಹೋಯಿತು... ಮೆನು!

ಅತ್ತುಬಿಟ್ಟೆ. ಅಳುತ್ತಲೇ ಎಲ್ಲವನ್ನೂ ಕಾರ್ಡಿಗೆ ಕಾಪಿ ಮಾಡಿದೆ. ನನ್ನ ಫೈಲನ್ನು ನಾನೇ ಅಳಿಸಿದೆ, ಇನ್ನು ಜಗಳ ಬೇಡ. ಅವರದರಲ್ಲಿ ಏನಿದೆ ಅಂತ ಕೇಳಿದರೆ ಡಬ್ಬಿಯನ್ನು ಎದೆಗೊತ್ತಿಕೊಂಡು ತಲೆ ಅಲ್ಲಾಡಿಸಿದರು. ಈ ವಯಸ್ಸಿನಲ್ಲೂ ಹಟ.

ಜೂನ್ 9, ಮಧ್ಯಾಹ್ನ

ಹೊಸ ಬ್ಯಾಟರಿ ಬಂತು. ಕಾರ್ಡಿನಿಂದ ಎಲ್ಲ ವಾಪಸ್ ತುಂಬಿದ್ದಾಯಿತು. ಇವರು ಬೆಳಗಿನಿಂದ ಒಳಕೋಣೆಯಲ್ಲಿ ಅದರ ಜೊತೆಗೇ. ನಾನು ತೋಳು ತಿರುವುಮುರುವಾಗಿ ಹೊಲಿದಿದ್ದೇನೆ, ಬಿಚ್ಚಬೇಕು. ಈ ಮನುಷ್ಯ ಏನು ಮಾಡುತ್ತಿ—

"ಪ್ರಯಾಣಿಕರ ಗಮನಕ್ಕೆ. ನನ್ನ ಹೆಂಡತಿ ಎಲ್ಲಿದ್ದರೂ, ಹೊಲಿಗೆ ಬಿಟ್ಟು ಕೂಡಲೇ ನನ್ನ ಪಕ್ಕ ಬಂದು ಕೂರತಕ್ಕದ್ದು."

ಅದೇ ಧ್ವನಿ. ಮನೆ ತುಂಬಾ. ಆಪರೇಷನ್ನಿಗೆ ಮುಂಚೆಯೇ ಹೇಳಿ ಬಚ್ಚಿಟ್ಟಿದ್ದ ಫೈಲು ಇದೇ!

ಅಕ್ಷರ ಕಾಣುತ್ತಿಲ್ಲ, ಕಣ್ಣೆಲ್ಲ ನೀರು. ಮತ್ತೆ ಆನ್ ಮಾಡಿದರು. ಮತ್ತೆ ಅದೇ ಪ್ರಕಟಣೆ. ಬಂದೆ ರೀ, ಇದೊಂದು ಸಾಲು