ಬೇವಿನ ಗಿಡ ಬಂದರೆ ಮೂರನೇ ಗೇರು

ಮಾತು ಬಿಟ್ಟು ಮುಖ ತಿರುಗಿಸಿಕೊಂಡು ಓಡಾಡುತ್ತಿರುವ ತಮ್ಮ ಮುಷರಫನಿಗೆ, ನಿನ್ನ ಆಪಾ ಅರ್ಜುಮಂದಳ ಸಲಾಮು.

ಒಂದೇ ಮನೆಯಲ್ಲಿದ್ದೂ ಪತ್ರ ಬರೆಯುವ ಗತಿ ತಂದಿಟ್ಟೆಯಲ್ಲ ಪುಣ್ಯಾತ್ಮ. ನಾನು ಬಾಯಿ ತೆರೆದರೆ ನೀನು ಹೆಲ್ಮೆಟ್ ಹಾಕಿಕೊಳ್ಳುತ್ತೀ. ಅದಕ್ಕೇ ಇದನ್ನು ಹೆಲ್ಮೆಟ್ಟಿನೊಳಗೇ ಇಡುತ್ತಿದ್ದೇನೆ. ಮನೆಯಲ್ಲಿ ಆಡುವುದು ದಖ್ಖನಿಯಾದರೂ, ಜಗಳವನ್ನು ಮಾತ್ರ ಶಾಲೆಯ ಕನ್ನಡದಲ್ಲಿ ಬರೆದರೇ ನೆಟ್ಟಗೆ ಬರುತ್ತದೆ.

ಕಡೇಚೂರಿನ ಖಾಲಿ ರಸ್ತೆಯಲ್ಲಿ ರೇಸಿನ ಟ್ರಯಲ್ ಕೆಟ್ಟ ಮೇಲೆ ಅಷ್ಟು ಜನರೆದುರು ಏನಂದೆ ನೀನು? “ಆಪಾ ಪಿಸ್ಟನ್ ಸರಿ ಕೂಡ್ಸಿಲ್ಲ, ಅದಕ್ಕ ಇಂಜಿನ್ ಕಾದು ಹಿಡೀತು.” ಅಬ್ಬಾ ಹೋದ ಮೇಲೆ ಶಹಾಪುರದ ಈ ಗ್ಯಾರೇಜು ನಡೆಸುತ್ತಿರುವವಳು ನಾನು. ಅವರ ಹಳೆಯ ಬೈಕಿನ ಇಂಜಿನ್ ಬಿಚ್ಚಿ, ಸವೆದ ಬ್ಲಾಕನ್ನು ಒಳಗಿನಿಂದ ಕೊರೆಸಿ ಬೋರ್ ಮಾಡಿಸಿ, ಅದರ ಅಳತೆಗೆ ದೊಡ್ಡ ಹೊಸ ಪಿಸ್ಟನ್ ಕೂರಿಸಿದವಳೂ ನಾನೇ. ಇಂಜಿನ್ ಪಳಗಲಿ ಎಂದು ಸುರಪುರಕ್ಕೊಮ್ಮೆ, ಕೊಡೇಕಲ್ಲಿಗೊಮ್ಮೆ, ಎಮ್ಮೆ ಮೇಯಿಸಿದ ಹಾಗೆ ನಿಧಾನ ಓಡಿಸಿ, ನಡುನಡುವೆ ನಿಲ್ಲಿಸಿ ತಣಿಸಿಕೊಂಡು ಬಂದೆ. ಬುರ್ಖಾ ಮಡಚಿಕೊಂಡು ಬೈಕ್ ಓಡಿಸುವವಳನ್ನು ನೋಡಲು ದಾರಿಬದಿಯ ಕುರಿಗಳೂ ಮೇಯುವುದು ಬಿಟ್ಟವು.

ಇಷ್ಟಾದ ಮೇಲೆ ನೀನು ಮಾಡಿದ್ದೇನು? ರಿಪೇರಿಯಾದ ಗಾಡಿಗಳನ್ನೆಲ್ಲ ಅಬ್ಬಾ ನಮ್ಮ ಗ್ಯಾರೇಜಿನ ಮುಂದಿನ ಸುರಪುರ ರಸ್ತೆಯಲ್ಲೇ ಬಿಟ್ಟು ನೋಡುತ್ತಿದ್ದರು. ನಿನಗೆ ಈ ಬೈಕ್ ಕಲಿಸಿದ್ದೂ ಅಲ್ಲೇ. ಬಿಳಿ ಪೇಂಟಿನ ಗೆರೆ ಇರುವ ಬೇವಿನ ಗಿಡ ಬಂದರೆ ಮೂರನೇ ಗೇರು. ನೀನು ಗ್ಯಾರೇಜಿನಿಂದ ಆ ಗಿಡದ ತನಕದ ಅಂತರವನ್ನು ಹೆಜ್ಜೆಯಲ್ಲಿ ಅಳೆದು ಕಡೇಚೂರಿಗೆ ಹೊತ್ತೊಯ್ದೆ. ಅಲ್ಲಿ ಗಿಡವಿಲ್ಲ ಎಂದು, ಗಿಡ ಇರಬೇಕಾದ ಜಾಗದಲ್ಲಿ ನಿನ್ನ ಗೆಳೆಯ ಆಸೀಫನಿಗೆ ಹಸಿರು ಅಂಗಿ ತೊಡಿಸಿ ನಿಲ್ಲಿಸಿದೆ. ನೀನು ಗಾಡಿ ಬಿಡುವ ಹೊತ್ತಿಗೆ ಅವನಿಗೆ ಫೋನ್ ಬಂತು. ನಿನ್ನ ಬೇವಿನ ಗಿಡ ಮಾತಾಡುತ್ತ ಮಾತಾಡುತ್ತ ಮುಂದೆ ನಡೆಯಿತು. ಇಂಜಿನ್ ಕಿರುಚುತ್ತಿದ್ದರೂ ನೀನು ಎರಡನೇ ಗೇರಿನಲ್ಲೇ ಅದರ ಬೆನ್ನು ಹತ್ತಿದೆ. ಕಾದು ಉಬ್ಬಿದ ಪಿಸ್ಟನ್ ಬ್ಲಾಕಿನೊಳಗೆ ಕಚ್ಚಿಕೊಂಡಿತು, ಗಾಡಿ ಹಿಡಿದದ್ದು ಅದಕ್ಕೆ.

ಆಸೀಫ್ ಅಲುಗಾಡದೆ ನಿಂತಿದ್ದರೂ ನೀನು ತಡ ಮಾಡಿಯೇ ಇರುತ್ತಿದ್ದೆ. ಆ ಗಿಡದ ಗುರುತು ಸವೆದ ಇಂಜಿನ್ನಿಗೆ ಹೊಂದಿದ್ದು. ಅದು ಏದುಸಿರು ಬಿಡುತ್ತ ಗಿಡದ ತನಕ ಹೋಗಿ ತನ್ನ ಪೂರಾ ಜೋರು ಮುಟ್ಟುತ್ತಿತ್ತು. ಈಗಿನದು ಎಷ್ಟೋ ಮೊದಲೇ ಮುಟ್ಟುತ್ತದೆ, ಅಲ್ಲಿಂದಾಚೆ ಬರೀ ಗದ್ದಲ. ಅಬ್ಬಾ ಗಿರಾಕಿಗಳಿಗೆ ಹೇಳುತ್ತಿದ್ದದ್ದು ಮರೆತೆಯಾ? “ಆವಾಜ್ ಏರಾಕತ್ತೈತಿ, ಗಾಡಿ ಏರವಲ್ದು ಅಂದ್ರ ಗೇರ್ ಹಾಕ್ರಿ.” ಅವಸರಪಟ್ಟು ಬೇಗ ಹಾಕಿದರೂ ಪ್ರಯೋಜನವಿಲ್ಲ, ಮೇಲಿನ ಗೇರಿನಲ್ಲಿ ಗಾಡಿ ಸೋತು ಬೀಳುತ್ತದೆ. ಎಳೆತ ಸಡಿಲವಾಗುವ ಗಳಿಗೆ ಕೂತವನ ಮೈಗೇ ಗೊತ್ತಾಗುತ್ತದೆ. ಅದನ್ನು ಬಿಟ್ಟು ಅಂಗಿಯ ಬಣ್ಣ ಹುಡುಕಿಕೊಂಡು ಹೋದೆಯಲ್ಲ, ನಿನಗೆ ಏನು ಹೇಳಲಿ.

ನಿನ್ನೆ ಹೆಡ್ಡು, ಬ್ಲಾಕು ಎರಡೂ ಬಿಚ್ಚಿ ನೋಡಿದೆ. ಪಿಸ್ಟನ್ನಿಗೆ ಗೀರು ಬಿದ್ದಿತ್ತು, ಆಳವಿರಲಿಲ್ಲ, ಉಜ್ಜಿ ಸರಿಮಾಡಿದೆ. ಆದರೆ ಆ ಬ್ಲಾಕನ್ನು ಇನ್ನು ಬೋರ್ ಮಾಡಲು ಬರುವುದಿಲ್ಲ. ಇದೇ ಕೊನೆಯ ಅಳತೆಯ ಪಿಸ್ಟನ್, ಇದಕ್ಕಿಂತ ದೊಡ್ಡದು ಸಿಗುವುದಿಲ್ಲ. ಇನ್ನೊಮ್ಮೆ ಹಿಡಿದರೆ ಅಬ್ಬಾನ ಇಂಜಿನ್ ಗುಜರಿಗೆ. ಹೋಗಲಿ, ಅದು ಹೋದರೆ ಹೋಯಿತು. ಆ ವೇಗದಲ್ಲಿ ಇಂಜಿನ್ ಹಿಡಿದರೆ ಹಿಂದಿನ ಗಾಲಿ ಜಾಮ್ ಆಗುತ್ತದೆ, ನೀನು ಗಾಡಿ ಬಿಟ್ಟು ಹಾರುತ್ತೀ. ಅವತ್ತು ನೀನು ಕ್ಲಚ್ ಹಿಡಿದು ಗಾಲಿಯನ್ನು ಇಂಜಿನ್ನಿನಿಂದ ಬಿಡಿಸುವ ತನಕ ನನ್ನ ಜೀವ ಬಾಯಿಗೆ ಬಂದಿತ್ತು. ನೀನು ಬೈದದ್ದಕ್ಕಲ್ಲ ನನಗೆ ಸಿಟ್ಟು, ಅದಕ್ಕೆ.

ಬರುವ ಭಾನುವಾರ ರೇಸು. ಈಗಲೂ ನಿನ್ನದು ಅದೇ ಹಟ, ಅಬ್ಬಾ ತೋರಿಸಿದ ಜಾಗವನ್ನು ಬದಲಿಸುವುದಿಲ್ಲ ಎಂದು.

ಈ ಮಾತಿಗೆ ಉತ್ತರ ಇವತ್ತು ಬೆಳಿಗ್ಗೆ ಸಿಕ್ಕಿತು. ಇಂಜಿನ್ ಜೋಡಿಸಿ ಅದೇ ರಸ್ತೆಗೆ ಹೋಗಿದ್ದೆ. ಗಾಡಿ ತಣಿಯಲೆಂದು ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತೆ. ಅದು ಬೇವಿನ ಗಿಡಕ್ಕಿಂತ ಬಹಳ ಈಚೆ. ಕೈ ಊರಿದಲ್ಲಿ, ಧೂಳಿನ ಕೆಳಗೆ ಬಿಳಿ ಪೇಂಟ್ ಕಂಡಿತು. ನಂಬರ್ ಪ್ಲೇಟಿಗೆ ಬಳಿಯುವ ನಮ್ಮದೇ ಪೇಂಟ್, ಅಬ್ಬಾನದೇ ಸೊಟ್ಟ ಗೆರೆ. ಎದ್ದು ನಡೆದೆ. ಮುಂದೆ ಕರೆಂಟಿನ ಕಂಬದ ಮೇಲೆ ಇನ್ನೊಂದು, ಅಷ್ಟು ಮಾಸಿರಲಿಲ್ಲ. ಅದರ ಮುಂದೆ ನಿನ್ನ ಬೇವಿನ ಗಿಡ.

ಅಬ್ಬಾನೇ ಬದಲಿಸುತ್ತಿದ್ದರು ಮುಷರಫ. ಇಂಜಿನ್ ಸವೆದ ಹಾಗೆ ಗುರುತನ್ನು ಮುಂದೆ ಮುಂದೆ ಸರಿಸಿದ್ದಾರೆ. ನೀನು ಗಾಡಿ ಕಲಿಯುವ ಹೊತ್ತಿಗೆ ಇಂಜಿನ್ನಿಗೂ ವಯಸ್ಸಾಗಿತ್ತು, ಅವರಿಗೂ. ನಿನ್ನ ಪಾಲಿಗೆ ಬಂದದ್ದು ಕೊನೆಯ ಗೆರೆ. ಅಲ್ಲೇ ನಿಂತುಕೊಂಡು ಅತ್ತೆ, ಯಾರಿಗೂ ಹೇಳಬೇಡ. ಆಮೇಲೆ ಗ್ಯಾರೇಜಿನಿಂದ ಜೋರಾಗಿ ಬಿಟ್ಟುಕೊಂಡು ಬಂದೆ. ಎಳೆತ ಸಡಿಲವಾದದ್ದು ಸೇತುವೆಗಿಂತ ತುಸು ಈಚೆ, ಯಾವ ಗೆರೆಯೂ ಇಲ್ಲದ ಜಾಗದಲ್ಲಿ.

ಶುಕ್ರವಾರ ನಮಾಜು ಮುಗಿಸಿ ಬಾ. ನಾನು ಸೇತುವೆಯ ಹತ್ತಿರ ಬಾಯಿ ಮುಚ್ಚಿಕೊಂಡು ನಿಂತಿರುತ್ತೇನೆ. ಗಾಡಿ ಹೇಳಿದಲ್ಲಿ ಗೇರು ಹಾಕು. ಪೇಂಟಿನ ಡಬ್ಬಿ, ಬ್ರಷ್ಷು ಗ್ಯಾರೇಜಿನ ಕಿಟಕಿಯಲ್ಲಿಟ್ಟಿದ್ದೇನೆ. ಈ ಸಲದ ಗೆರೆ ನೀನೇ ಎಳೆ. ಆಸೀಫನಿಗೆ ಆ ಹಸಿರು ಅಂಗಿ ಕಳಚಲು ಹೇಳು.

ಖುದಾ ನಿನ್ನ ಬೆರಳನ್ನು ಸದಾ ಕ್ಲಚ್ಚಿನ ಹತ್ತಿರವೇ ಇಟ್ಟಿರಲಿ.

ಸಿಟ್ಟು ಇನ್ನೂ ಪೂರ್ತಿ ಇಳಿಯದ ನಿನ್ನ ಆಪಾ,
ಅರ್ಜುಮಂದ