ಬೆಳ್ಳಿ ಓಲೆಯ ಜೋಡಿ

ಮನೆಯಿಂದ,
ಮಾರ್ಚ್ ೧೨, ಗುರುವಾರ ಬೆಳಿಗ್ಗೆ

ನನ್ನ ಮನೆಯೊಡತಿಗೆ,

ನಿನ್ನ ಮಂಡಿ ನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡೇ ಹತ್ತು, ಶೂರತನ ಬೇಡ. ಬಾಣಂತಿ ಸರಿಯಾಗಿ ಊಟ ಮಾಡುತ್ತಿದ್ದಾಳಾ? ಕೂಸು ನಿದ್ದೆ ಮಾಡಲು ಬಿಡುತ್ತದೋ ಇಲ್ಲವೋ? ಮೂಗು ಮಾತ್ರ ನನ್ನದೇ ಎಂದು ಮಗಳು ಹೇಳಿದಳು; ಪಾಪ, ಬೆಳೆಯುತ್ತಾ ಸರಿಹೋಗುತ್ತದೆ, ಚಿಂತೆ ಬೇಡ. ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ. ಎರಡು ಹೊತ್ತು ಅಡುಗೆ ಮಾಡಿಕೊಳ್ಳುತ್ತೇನೆ, ಅದರಲ್ಲಿ ಒಂದು ಹೊತ್ತಿನದು ತಿನ್ನುವ ಹಾಗಿರುತ್ತದೆ.

ಇನ್ನು ನಿನ್ನ ಆಜ್ಞೆಯ ವಿಚಾರ. ನಮ್ಮ ಸುಪುತ್ರ ಫೋನಿನಲ್ಲಿ ನಿನಗೆ ಚಾಡಿ ಹೇಳಿದ್ದೂ ಆಯಿತು, ನೀನು ಅವನ ಕೈಯಲ್ಲೇ ಹೇಳಿ ಕಳಿಸಿದ್ದೂ ಆಯಿತು: "ಇಪ್ಪತ್ತನೇ ತಾರೀಕು ನಾನು ಬರೋ ಹೊತ್ತಿಗೆ ಹಾಲ್‌ನಲ್ಲಿರೋ ಆ ಮೇಜು ಖಾಲಿಯಾಗಿರ್ಬೇಕು. ಮನೆ ಅಂದ್ರೆ ಬಳೆ ಅಂಗಡಿ ಅಲ್ಲ." ಕೇಳಿಸಿಕೊಂಡೆ. ಆಗುವುದಿಲ್ಲ. ಮೇಜು ಅಲ್ಲೇ ಇರುತ್ತದೆ. ಅದರ ಮೇಲಿನ ತಂತಿ, ಮಣಿ, ಇಕ್ಕಳ, ಸುತ್ತಿಗೆ ಎಲ್ಲವೂ ಅಲ್ಲೇ ಇರುತ್ತವೆ. ನಲವತ್ತೊಂದು ವರ್ಷದ ಸಂಸಾರದಲ್ಲಿ ನಾನು ನಿನ್ನ ಮಾತು ಮೀರಿದ್ದು ಎಷ್ಟು ಸಲ, ನೀನೇ ಹೇಳು. ಫೋನಿನಲ್ಲಾದರೆ ಎರಡನೇ ವಾಕ್ಯಕ್ಕೇ ನನ್ನ ಬಾಯಿ ಮುಚ್ಚಿಸುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ ನೋಡು.

ಇದು ಶುರುವಾದದ್ದು ಫ್ಯಾನಿನಿಂದ. ನೀನು ಹೋದ ಎರಡನೇ ವಾರ, ಲೈಬ್ರರಿಯ ಮಹಡಿಯಲ್ಲಿ ಫ್ಯಾನು ಕೆಟ್ಟಿದೆ, ಬಂದು ನೋಡಿ ಎಂದು ಕರೆದರು. ಬಸ್ ಡಿಪೋದಲ್ಲಿ ಮೂವತ್ನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದವನನ್ನು ನಿವೃತ್ತಿಯಾದ ಮೇಲೆ ಜನ ಸುಮ್ಮನೆ ಬಿಡುತ್ತಾರೆಯೇ? ಅಲ್ಲಿ ಶನಿವಾರದ ಒಡವೆ ಕ್ಲಾಸು ನಡೆದಿತ್ತು. ಕಲಿಸುವವರು ಒಬ್ಬ ಡ್ರಾಯಿಂಗ್ ಟೀಚರಮ್ಮ, ಕಲಿಯುವವರು ಹನ್ನೊಂದು ಜನ ಹೆಂಗಸರು. ಏಣಿಯ ಮೇಲಿಂದ ನೋಡುತ್ತೇನೆ, ಒಬ್ಬಾಕೆ ತಾಮ್ರದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತಿದ್ದಾಳೆ. ತಡೆಯಲಾಗಲಿಲ್ಲ. "ಅಮ್ಮಾ, ಅದಕ್ಕೆ ಸುಸ್ತಾಗಿದೆ. ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಆಮೇಲೆ ಹೇಳಿದ ಮಾತು ಕೇಳತ್ತೆ" ಎಂದೆ. ಟೀಚರಮ್ಮ ಕತ್ತೆತ್ತಿ "ಇಳಿದು ಬನ್ನಿ, ಕೂತ್ಕೊಳ್ಳಿ" ಎಂದರು. ಕೂತೆ. ಫ್ಯಾನು ತಿರುಗಿದ್ದು ಮುಂದಿನ ವಾರ.

ಬಸ್ಸಿನ ಚಕ್ರದ ನಟ್ಟು ಬಿಚ್ಚುತ್ತಿದ್ದ ಬೆರಳಿಗೆ ಸಾಸಿವೆಯಷ್ಟು ಕೊಂಡಿ ಹಿಡಿಯುವುದು ಸುಲಭವಲ್ಲ ಮಹಾರಾಯ್ತಿ. ತಂತಿಯನ್ನು ಮೊಳೆಗೆ ಸುತ್ತಿ, ಉದ್ದಕ್ಕೆ ಕತ್ತರಿಸಿದರೆ ಸರದ ಕೊಂಡಿಗಳು ಸಿಗುತ್ತವೆ. ಕೊಂಡಿಯ ಬಾಯನ್ನು ಎಳೆದು ಅಗಲಿಸಬಾರದು. ಒಂದು ತುದಿ ಮುಂದಕ್ಕೆ, ಒಂದು ಹಿಂದಕ್ಕೆ, ಬಾಗಿಲು ತೆರೆದ ಹಾಗೆ ತಿರುಗಿಸಬೇಕು. ಇಷ್ಟು ಕಲಿಯಲು ನನಗೆ ಮೂರು ಶನಿವಾರ ಬೇಕಾಯಿತು. ಎದುರು ಮನೆಯ ಪೋಸ್ಟ್ ಮಾಸ್ಟರು ಕಿಟಕಿಯಲ್ಲಿ ಇಣುಕಿ "ಏನ್ರೀ, ಬಳೆ ತೊಟ್ಕೊಳ್ಳೋದು ಯಾವಾಗ?" ಎಂದರು. "ನಿಮ್ಮ ಅಳತೆ ಕೊಡಿ, ಮೊದಲನೇ ಜೊತೆ ನಿಮಗೇ" ಎಂದೆ. ಕೈಗೆ ಬಳೆ ತೊಟ್ಟುಕೊಂಡಿದ್ದೀಯಾ ಎಂದು ಗಂಡಸರನ್ನು ಹಂಗಿಸುತ್ತಾರಲ್ಲ, ಬಳೆ ಮಾಡುವವನನ್ನು ಹಂಗಿಸಲು ಇವರಿಗೆ ಇನ್ನೂ ಮಾತೇ ಸಿಕ್ಕಿಲ್ಲ. ನಿನ್ನ ಮಗನದು ಬೇರೆ ರಾಗ: "ಅಪ್ಪಾ, ಆಫೀಸಿನವರು ಬಂದು ನೋಡಿದ್ರೆ ಮಾನ ಹೋಗತ್ತೆ." ಗ್ರೀಸು ಮೆತ್ತಿದ ಕೈಯಲ್ಲಿ ಇವನನ್ನು ಓದಿಸುವಾಗ ಹೋಗದ ಮಾನ ಈಗ ಮಣಿ ಪೋಣಿಸಿದರೆ ಹೋಗುತ್ತದಂತೆ. ಹೋಗುವುದಿದ್ದರೆ ಹೋಗಲಿ, ಬಾಗಿಲು ತೆರೆದೇ ಇದೆ.

ಈಗ ನೀನು ಎಲ್ಲಾದರೂ ಕೂತುಕೊಂಡು ಓದು. ಬೀರುವಿನೊಳಗೆ ಮಾತ್ರೆ ಡಬ್ಬಿಯಲ್ಲಿ, ಹತ್ತಿಯಲ್ಲಿ ಸುತ್ತಿಟ್ಟ ನಿನ್ನ ಅಮ್ಮನ ಒಂಟಿ ಬೆಳ್ಳಿ ಓಲೆ ಇತ್ತಲ್ಲ, ಅದನ್ನು ನಾನು ತೆಗೆದೆ. ಕೇಳದೆ ತೆಗೆದೆ. ಮದುವೆಯಾದ ವರ್ಷ ಟಾಕೀಸಿನ ನೂಕುನುಗ್ಗಲಿನಲ್ಲಿ ಅದರ ಜೋಡಿ ಬಿದ್ದುಹೋಯಿತು. ಟಿಕೆಟ್ಟಿಗೆ ನುಗ್ಗಿದವನು ನಾನು, ನಿನ್ನ ಕೈ ಹಿಡಿದು ಎಳೆದವನೂ ನಾನೇ. ಸಾರಿಗೆ ಉಪ್ಪು ಜಾಸ್ತಿ ಎಂದದ್ದಕ್ಕೆ ಎರಡು ದಿನ ಬೈಯುವವಳು ಇದಕ್ಕೆ ಮಾತ್ರ ಒಂದು ಮಾತೂ ಆಡಲಿಲ್ಲ. ಬೀರು ತೆಗೆದಾಗಲೆಲ್ಲ ನೀನು ಡಬ್ಬಿ ಬಿಚ್ಚಿ ನೋಡುತ್ತಿದ್ದೆ, ಮತ್ತೆ ಮುಚ್ಚುತ್ತಿದ್ದೆ. ನಾನು ನೋಡಿಲ್ಲ ಅಂದುಕೊಂಡೆಯಾ? ನಲವತ್ತು ವರ್ಷ ಅದು ನನಗೆ ಚುಚ್ಚಿದೆ.

ಅದಕ್ಕೆ ಜೋಡಿ ಮಾಡಿದ್ದೇನೆ. ಬೆಳ್ಳಿ ತಂತಿಯ ತುದಿಗೆ ಉರಿ ಹಿಡಿದರೆ ಅದು ತಾನಾಗಿಯೇ ಕರಗಿ ಗುಂಡಗೆ ಕಾಳಾಗುತ್ತದೆ. ನಿನ್ನ ಓಲೆಯ ಸುತ್ತ ಇರುವುದು ಅಂಥ ಹನ್ನೊಂದು ಕಾಳು. ಒಂದೇ ಅಳತೆಯವು ಸಿಗಲು ನಾನು ಅರವತ್ತು ಮಾಡಿದೆ. ಬೆಸೆಯುವಾಗ ಉರಿಯನ್ನು ಬೆಸುಗೆಯ ಚೂರಿಗೆ ಹಿಡಿಯಬಾರದು, ಬೆಳ್ಳಿಗೆ ಹಿಡಿಯಬೇಕು. ಬಿಸಿ ಎಲ್ಲಿದೆಯೋ ಬೆಸುಗೆ ಅಲ್ಲಿಗೇ ಓಡುತ್ತದೆ. ಎರಡು ಸಲ ಎಲ್ಲಾ ಕರಗಿ ಮುದ್ದೆಯಾಯಿತು. ಮೂರನೆಯ ಸಲ ನಿಂತಿತು. ಹಳೆಯದರಲ್ಲಿ ಕೆಳಗಿನ ಎರಡು ಕಾಳು ಸವೆದು ಚಪ್ಪಟೆಯಾಗಿವೆಯಲ್ಲ, ಹೊಸದರಲ್ಲೂ ಅಷ್ಟೇ ಸವೆಸಿದೆ. ಒಬ್ಬನೇ ಕೂತು ಚಪ್ಪಾಳೆ ಹೊಡೆದುಕೊಂಡೆ.

ಆಮೇಲೆ ಎಡವಟ್ಟಾಯಿತು. ಬೆಸೆದಾಗ ಹತ್ತುವ ಕಪ್ಪನ್ನು ತೆಗೆಯಲು ತೆಳು ಆಸಿಡ್ಡಿನ ನೀರು ಇಟ್ಟುಕೊಂಡಿರುತ್ತೇವೆ. ಅದರೊಳಗೆ ಕಬ್ಬಿಣ ಅದ್ದಬೇಡಿ ಎಂದು ಟೀಚರಮ್ಮ ಗೋಡೆಗೇ ಬರೆದು ಅಂಟಿಸಿದ್ದಾರೆ. ಎರಡೂ ಒಂದೇ ಬಣ್ಣಕ್ಕೆ ಬರಲಿ ಎಂದು ಹಳೆಯದನ್ನೂ ಹೊಸದನ್ನೂ ಒಟ್ಟಿಗೇ ಹಾಕಿದೆ. ಹಾಕಿ, ಮೂವತ್ನಾಲ್ಕು ವರ್ಷದ ಅಭ್ಯಾಸ ನೋಡು, ಡಿಪೋದ ಕಬ್ಬಿಣದ ಇಕ್ಕಳವನ್ನೇ ಅದ್ದಿ ಎತ್ತಲು ಹೋದೆ. ತಾಮ್ರದ ಕೆಲಸ ಮಾಡಿ ಮಾಡಿ ಆ ನೀರಿನಲ್ಲಿ ಸೇರಿದ್ದ ತಾಮ್ರ ಬಂದು ಬೆಳ್ಳಿಗೆ ಕೂತಿತು. ಎರಡು ಓಲೆಯೂ ಕೆಂಪು! ಎರಡು ದಿನ ಪಾಲಿಶ್ ಪುಡಿ ಹಚ್ಚಿ ಹಳೆಯ ಹಲ್ಲಿನ ಬ್ರಷ್ಷಿನಲ್ಲಿ ಉಜ್ಜಿದೆ. ಈಗ ಕೆಂಪೆಲ್ಲ ಹೋಗಿ ಬೆಳ್ಳಿ ಬೆಳ್ಳಿಯ ಹಾಗೇ ಇದೆ.

ಆದ್ದರಿಂದ ಪಂಥ ಕಟ್ಟುತ್ತಿದ್ದೇನೆ. ನೀನು ಬಂದ ದಿನ ಎರಡನ್ನೂ ನಿನ್ನ ಅಂಗೈಯಲ್ಲಿ ಇಡುತ್ತೇನೆ. ಕನ್ನಡಕ ಹಾಕಿಕೋ, ಬಿಸಿಲಿಗೆ ಹಿಡಿ, ಬೇಕಾದರೆ ನಿನ್ನ ಮಗನನ್ನೂ ಸಾಕ್ಷಿಗೆ ಕರೆ. ಅಮ್ಮನದು ಯಾವುದು, ಗಂಡ ಮಾಡಿದ್ದು ಯಾವುದು, ತೋರಿಸು. ತೋರಿಸಿದರೆ ಅಂದೇ ಸಂಜೆ ಮೇಜು ಖಾಲಿ, ತಂತಿಯೆಲ್ಲ ಗುಜರಿಗೆ. ಆಗದಿದ್ದರೆ ಮೇಜಿನ ಸುದ್ದಿಯನ್ನು ಈ ಮನೆಯಲ್ಲಿ ಇನ್ನು ಯಾರೂ ಎತ್ತಬಾರದು.

ಮಗಳಿಗೂ ಕೂಸಿಗೂ ಆಶೀರ್ವಾದ. ಅಳಿಯಂದಿರನ್ನು ಕೇಳಿದೆನೆಂದು ಹೇಳು.

ಇಂತಿ,
ಮೇಜು ಬಿಟ್ಟುಕೊಡದ ನಿನ್ನ ಗಂಡ

ಮರೆತ ಮಾತು: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಧೈರ್ಯ ಬಂದಿರಲಿಲ್ಲ. ಆ ಪಂಥಕ್ಕೆ ತೀರ್ಪು ಹೇಳಲು ನನ್ನಿಂದ ಆಗುವುದಿಲ್ಲ. ಉಜ್ಜುವ ಗಾಬರಿಯಲ್ಲಿ ಎರಡನ್ನೂ ಒಂದೇ ಬಟ್ಟಲಿಗೆ ಹಾಕಿಬಿಟ್ಟೆ. ತೆಗೆದು ನೋಡಿದರೆ ಅಮ್ಮನದು ಯಾವುದು, ನನ್ನದು ಯಾವುದು, ನನಗೇ ಗೊತ್ತಾಗುತ್ತಿಲ್ಲ. ಟೀಚರಮ್ಮನಿಗೂ ಗೊತ್ತಾಗಲಿಲ್ಲ. ನಿನಗೊಬ್ಬಳಿಗೆ ಗೊತ್ತಾಗಬಹುದು. ಗೊತ್ತಾಗಲಿ ಎಂದೇ ದೇವರಲ್ಲಿ ಬೇಡುತ್ತಿದ್ದೇನೆ, ಮೇಜು ಹೋದರೆ ಹೋಗಲಿ. ಗೊತ್ತಾಗದಿದ್ದರೆ ಎಷ್ಟು ಬೇಕಾದರೂ ಬೈ, ನಲವತ್ತು ವರ್ಷ ಬೈಯದೆ ಇಟ್ಟುಕೊಂಡದ್ದನ್ನೂ ಸೇರಿಸಿ ಬೈ. ಆದರೆ ಎರಡು ಕಿವಿಗೂ ಹಾಕಿಕೊಂಡು ಬೈ.